ಮನೆಯೇ ಶಾಲೆಯಾದಾಗ ಯಾವ ಪುಸ್ತಕ?

ಬೆಂಗಳೂರಿನಿಂದ ಹೌರಾ, ಗುವಾಹಟಿ ಕಡೆಗೆ ರೈಲು ಹತ್ತಿದವರಿಗೆ ದುವ್ವಾಡದ ಹೆಸರು ಗೊತ್ತಿರುತ್ತದೆ. ವಿಶಾಖಪಟ್ಟಣದ ದೊಡ್ಡ ನಿಲ್ದಾಣಕ್ಕೆ ಹೋದರೆ ಎಂಜಿನ್ನನ್ನು ಇನ್ನೊಂದು ತುದಿಗೆ ಜೋಡಿಸಬೇಕು. ಆ ಹೊತ್ತು ಉಳಿಸಲು ಹಲವು ರೈಲುಗಳು ಇಲ್ಲೇ ನಿಂತು ಮುಂದೆ ಹೋಗುತ್ತವೆ. ಉಕ್ಕಿನ ಕಾರ್ಖಾನೆಯ ನೆರೆಯ ಈ ಊರಿಗೆ ಬಂದ ಮೇಲೆ ಮಗಳಿಗೆ ನಾವು ಮನೆಯಲ್ಲೇ ಪಾಠ ಹೇಳುತ್ತಿದ್ದೇವೆ. ಈ ದಾರಿ ಹಿಡಿಯಬೇಕೆಂದಿರುವ ಕನ್ನಡದ ತಂದೆತಾಯಿಯರು ಮೊದಲು ಕೇಳುವುದು ಪುಸ್ತಕದ ಬಗ್ಗೆಯೇ: ಯಾವ ಮತದ ಕಡೆಗೂ ವಾಲದ, ಯಾವ ಮಗುವನ್ನೂ ಹೊರಗಿಡದ ಪುಸ್ತಕ ಯಾವುದು? ಪ್ರಶ್ನೆ ಒಳ್ಳೆಯದು. ಅದರ ಜೊತೆಗೆ ಬರುವ ಕೆಲವು ನಂಬಿಕೆಗಳು ಮಾತ್ರ ಸರಿಯಿಲ್ಲ.

“ವಿದೇಶದ ಪಠ್ಯ ತರಿಸಿದರೆ ಧರ್ಮದ ಗೊಡವೆಯೇ ಇರುವುದಿಲ್ಲ.”

ಇದು ದುಬಾರಿ ತಪ್ಪು. ಅಮೆರಿಕದಲ್ಲಿ ಮನೆಶಿಕ್ಷಣಕ್ಕೆ ಪುಸ್ತಕ ಮಾಡುವ ಹೆಸರಾಂತ ಪ್ರಕಾಶಕರಲ್ಲಿ ಅಬೆಕಾ, ಬಾಬ್ ಜೋನ್ಸ್ ಯೂನಿವರ್ಸಿಟಿ ಪ್ರೆಸ್ ಮುಂತಾದವರು ಬೈಬಲ್ಲಿನ ಸೃಷ್ಟಿಕಥೆಯನ್ನೇ ವಿಜ್ಞಾನ ಪಾಠಕ್ಕೆ ತಳಹದಿಯಾಗಿ ಇಟ್ಟುಕೊಂಡಿದ್ದಾರೆ. ಅವರು ಅದನ್ನು ಮುಚ್ಚಿಟ್ಟಿಲ್ಲ, ಬಹಿರಂಗವಾಗಿಯೇ ಹೇಳುತ್ತಾರೆ. ಮುಖಪುಟ ನೋಡಿ ಕೊಳ್ಳುವವರು ನಾವು.

“ಎನ್‌ಸಿಇಆರ್‌ಟಿಯವರು ಡಾರ್ವಿನ್ನನನ್ನೇ ತೆಗೆದುಹಾಕಿದ್ದಾರೆ, ಆ ಪುಸ್ತಕ ಬೇಡ.”

ಅರ್ಧ ನಿಜ. 2023ರಲ್ಲಿ ಬಂದ 10ನೇ ತರಗತಿಯ ಪುಸ್ತಕದಲ್ಲಿ ಜೀವವಿಕಾಸದ ಭಾಗ ಹೋಗಿ, ಅನುವಂಶೀಯತೆ ಮಾತ್ರ ಉಳಿಯಿತು. ಆವರ್ತಕ ಕೋಷ್ಟಕದ ಅಧ್ಯಾಯವೂ ಹೋಯಿತು. ಆದರೆ ಜೀವವಿಕಾಸ 12ನೇ ತರಗತಿಯ ಜೀವಶಾಸ್ತ್ರದಲ್ಲಿದೆ, ಆವರ್ತಕ ಕೋಷ್ಟಕ 11ರ ರಸಾಯನಶಾಸ್ತ್ರದಲ್ಲಿದೆ. ಹತ್ತರ ನಂತರ ಕಾಮರ್ಸ್ ಹಿಡಿಯುವ ಮಗು ಇವೆರಡನ್ನೂ ಕಾಣದೆ ಓದು ಮುಗಿಸುತ್ತದೆ ಎಂಬುದು ನನಗೆ ನಿಜವಾದ ನೋವು. ಮನೆಯಲ್ಲಿ ಕಲಿಸುವವರಿಗೆ ಆ ಕಟ್ಟಿಲ್ಲ. ಮಗಳು ಹನ್ನೊಂದನೇ ವರ್ಷದಲ್ಲೇ ಕೇಳಿದರೆ ಹನ್ನೊಂದರಲ್ಲೇ ಹೇಳಬಹುದು.

“ಮತನಿರಪೇಕ್ಷ ಪುಸ್ತಕದಲ್ಲಿ ಧರ್ಮದ ಸುದ್ದಿಯೇ ಇರಬಾರದು.”

ಒಂದು ಮತವನ್ನು ಬೋಧಿಸುವುದು ಬೇರೆ, ಮತಗಳ ಬಗ್ಗೆ ತಿಳಿಸುವುದು ಬೇರೆ. 2002ರ ಅರುಣಾ ರಾಯ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಎತ್ತಿಹಿಡಿದಿದೆ. ವಿಶಾಖಪಟ್ಟಣದಲ್ಲಿದ್ದು ಧರ್ಮವನ್ನು ಬಿಟ್ಟು ಚರಿತ್ರೆ ಹೇಳುವುದಾದರೂ ಹೇಗೆ? ಬಂದರಿನ ಬಳಿ ಒಂದರ ಪಕ್ಕ ಒಂದು ಮೂರು ಗುಡ್ಡಗಳಿವೆ. ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ದರ್ಗಾ, ರಾಸ್ ಹಿಲ್ ಮೇಲೆ ಮೇರಿ ಮಾತೆಯ ಇಗರ್ಜಿ. ಅನಕಾಪಲ್ಲಿಯ ಹತ್ತಿರ ಬೊಜ್ಜನ್ನಕೊಂಡದಲ್ಲಿ ಬಂಡೆ ಕೊರೆದ ಬೌದ್ಧ ಗುಹೆಗಳಿವೆ. ಸಿಂಹಾಚಲದ ಸ್ವಾಮಿ ವರ್ಷವಿಡೀ ಗಂಧದ ಲೇಪದೊಳಗಿದ್ದು, ಅಕ್ಷಯ ತೃತೀಯದ ದಿನ ಮಾತ್ರ ನಿಜರೂಪದಲ್ಲಿ ಕಾಣಿಸುತ್ತಾನೆ. ಅದೇ ದೇವಸ್ಥಾನದ ಶಾಸನ, ಗಜಪತಿ ಅರಸನ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯ ಕೊಟ್ಟ ದಾನವನ್ನು ಹೇಳುತ್ತದೆ. ಹಂಪಿ ನೋಡಿದ ಮಗುವಿಗೆ ಆ ಕಲ್ಲು ತೋರಿಸಿ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿಸಿ. ಅದು ಪೂಜೆಯಲ್ಲ, ಪಾಠ.

“ಎಲ್ಲರನ್ನೂ ಒಳಗೊಳ್ಳುವುದೆಂದರೆ ನಾಲ್ಕು ಹಬ್ಬಗಳ ಚಿತ್ರ ಹಾಕುವುದು.”

ನಮ್ಮ ಮನೆಯಲ್ಲೊಂದು ಅಭ್ಯಾಸ ಪುಸ್ತಕವಿತ್ತು. ದೀಪಾವಳಿ, ರಂಜಾನ್, ಕ್ರಿಸ್‌ಮಸ್ ಎಲ್ಲ ಇದ್ದವು. ಮೀನುಗಾರರ ಮನೆಯ ಹುಡುಗಿ, ಮಗಳ ಗೆಳತಿ, ಒಂದು ಸಂಜೆ ಅದನ್ನು ತಿರುವಿಹಾಕುತ್ತಿದ್ದಳು. ‘ನಮ್ಮ ಆಹಾರ’ದ ಪುಟದಲ್ಲಿ ಅನ್ನ, ಚಪಾತಿ, ಬೇಳೆ, ಹಾಲು, ಬಾಳೆಹಣ್ಣು. ಬೆರಳಿಟ್ಟು ಒಂದೊಂದನ್ನೇ ದಾಟಿ, ತಲೆಯೆತ್ತಿ ಕೇಳಿದಳು: “ಚೇಪ ಲೇದಾ ಆಂಟಿ?” ಮೀನು ಇಲ್ಲವಾ ಎಂದು. ಕಡಲ ದಂಡೆಯ ಊರಲ್ಲಿ, ಅವಳ ಮನೆಯ ದಿನದ ಊಟಕ್ಕೆ ಆ ಪುಟದಲ್ಲಿ ಜಾಗವಿರಲಿಲ್ಲ. ಅವತ್ತು ಅವಳೂ ಮಗಳೂ ಸೇರಿ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ವಂಜರ ಮೀನು ಬರೆದರು. ಅಂದಿನಿಂದ ನಾನು ಪುಸ್ತಕ ಕೊಳ್ಳುವಾಗ ಹಬ್ಬದ ಪುಟಕ್ಕಿಂತ ಮೊದಲು ಊಟದ ಪುಟ ನೋಡುತ್ತೇನೆ. ಆಮೇಲೆ, ಅಡುಗೆಮನೆಯಲ್ಲಿ ಯಾರು ನಿಂತಿದ್ದಾರೆ, ಗಾಲಿಕುರ್ಚಿಯ ಮಗು ಆಟದಲ್ಲಿದೆಯೇ ಅಥವಾ ಬರೀ ನೋಡುತ್ತ ಕೂತಿದೆಯೇ ಎಂದು.

ನಡುವೆ, ಮನೆಯಲ್ಲಿ ಕಲಿಸುವವರನ್ನು ಕಾಡುವ ಕಾನೂನಿನ ಭಯದ ಬಗ್ಗೆಯೂ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ತಪ್ಪಿದ ಪೋಷಕರಿಗೆ ದಂಡವನ್ನು ಆ ಕಾಯ್ದೆ ಹೇಳಿಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು.

“ಯಾರನ್ನೂ ಹೊರಗಿಡದ ಪುಸ್ತಕ ನಮ್ಮ ಭಾಷೆಯಲ್ಲಿಲ್ಲ, ಇದ್ದರೂ ಕೈಗೆಟುಕುವುದಿಲ್ಲ.”

ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳೂ ತೆಲುಗಿನ ಕಥೆಗಳೂ ಉಚಿತವಾಗಿವೆ. ಆಂಧ್ರ ಸರ್ಕಾರ 2020ರಿಂದ ತಂದ ಪಠ್ಯಗಳಲ್ಲಿ ಎದುರುಬದುರು ಪುಟಗಳಲ್ಲಿ ತೆಲುಗು, ಇಂಗ್ಲಿಷ್ ಎರಡೂ ಇವೆ. ನಮ್ಮ ಮಕ್ಕಳು ಓಣಿಯ ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ತೆಲುಗಿನಲ್ಲಿ ಜನ ವಿಜ್ಞಾನ ವೇದಿಕೆಯ ಮಕ್ಕಳ ವಿಜ್ಞಾನ ಪತ್ರಿಕೆ ‘ಚೆಕುಮುಕಿ’ ಇದೆ, ಹಿಂದಿಯಲ್ಲಿ ಭೋಪಾಲದ ಏಕಲವ್ಯದವರ ‘ಚಕಮಕ್’. ಎರಡೂ ನಮ್ಮ ಚಕಮಕಿ ಕಲ್ಲೇ.

ಹಣ ಕೊಡುವ ಮೊದಲು ಮಾದರಿ ಪುಟಗಳನ್ನು ಕೇಳಿ ತರಿಸಿಕೊಳ್ಳಿ. ಪಳೆಯುಳಿಕೆಯ ಪುಟ, ಊಟದ ಪುಟ, ಕುಟುಂಬದ ಪುಟ, ಈ ಮೂರನ್ನು ಮಗುವಿನ ಜೊತೆ ಕೂತು ಓದಿ. ಸಾಧ್ಯವಾದರೆ ಪಕ್ಕದ ಮನೆಯ ಮಗುವನ್ನೂ ಕರೆಯಿರಿ.