ಟ್ರೆಡ್‌ಮಿಲ್ ತೋರಿಸೋ ಕ್ಯಾಲೊರಿ ನಂಬಬಹುದಾ? ಶಿರಾ ಕಡ್ಲೆಬೀಜದ ಲೆಕ್ಕ ನೋಡಿ

ಅರ್ಧ ಗಂಟೆ ನಡೆದು ಇಳಿಯುವಾಗ ಟ್ರೆಡ್‌ಮಿಲ್ ಪರದೆ ಮೇಲೆ ‘200 ಕ್ಯಾಲೊರಿ’ ಅಂತ ಕಂಡರೆ ಖುಷಿ ಆಗುತ್ತೆ. ‘ಇಷ್ಟು ಕರಗಿಸಿದ್ದೀನಲ್ಲ, ಒಂದು ಹಿಡಿ ಹುರಿದ ಕಡ್ಲೆಬೀಜ ತಿಂದ್ರೇನು?’ ಅನ್ನೋ ಯೋಚನೆಯೂ ಬರುತ್ತೆ. ಕಡಲೆಕಾಯಿ ಬೆಳೆಯೋ ಶಿರಾ ಸೀಮೆಯವರಿಗಂತೂ ಇದು ಸಹಜ. ಆದರೆ ಆ ಸಂಖ್ಯೆ ಬರೀ ಅಂದಾಜು.

ನಿಮ್ಮ ಮೈಯೊಳಗೆ ಏನಾಗ್ತಿದೆ ಅಂತ ಮಷಿನ್‌ಗೆ ಗೊತ್ತಿರಲ್ಲ. ಬೆಲ್ಟ್‌ನ ವೇಗ, ಏರು, ಸಮಯ ಗೊತ್ತಿರುತ್ತೆ. ತೂಕ ನೀವೇ ಹಾಕಬೇಕು. ಹಾಕದಿದ್ದರೆ ಮೊದಲೇ ಇಟ್ಟಿರುವ ಯಾವುದೋ ತೂಕಕ್ಕೆ ಲೆಕ್ಕ ಹಾಕುತ್ತೆ.

ನೀವೇ ಲೆಕ್ಕ ಹಾಕಿ

ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಯ ಸೂತ್ರ ಸುಲಭವಾಗಿದೆ. ಸಮತಟ್ಟಿನ ನಡಿಗೆಗೆ, ನಿಮಿಷಕ್ಕೆ ಎಷ್ಟು ಮೀಟರ್ ನಡೆದಿರೋ ಅದನ್ನು 0.1ರಿಂದ ಗುಣಿಸಿ 3.5 ಕೂಡಿಸಿ. ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಬೇಕಾಗುವ ಆಮ್ಲಜನಕ ಮಿಲಿಲೀಟರ್‌ನಲ್ಲಿ ಸಿಗುತ್ತೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲೊರಿ.

ಗಂಟೆಗೆ 5 ಕಿ.ಮೀ. ಅಂದರೆ ನಿಮಿಷಕ್ಕೆ ಸುಮಾರು 83 ಮೀಟರ್. 60 ಕೆ.ಜಿ. ತೂಕದವರು ಅರ್ಧ ಗಂಟೆ ನಡೆದರೆ ಸುಮಾರು 106 ಕ್ಯಾಲೊರಿ. 80 ಕೆ.ಜಿ. ಇದ್ದರೆ 142. ಇದರಲ್ಲೂ 60 ಕೆ.ಜಿ.ಯವರು ಸುಮ್ಮನೆ ಕೂತಿದ್ದರೂ 30ರಷ್ಟು ಖರ್ಚಾಗುತ್ತಿತ್ತು. ನಡಿಗೆಯಿಂದ ಹೆಚ್ಚುವರಿಯಾಗಿ ಕರಗಿದ್ದು ಸುಮಾರು 75 ಅಷ್ಟೇ.

ಈಗ ಕಡ್ಲೆಬೀಜಕ್ಕೆ ಬನ್ನಿ. 100 ಗ್ರಾಂನಲ್ಲಿ ಸುಮಾರು 570 ಕ್ಯಾಲೊರಿ. 20 ಗ್ರಾಂನ ಸಣ್ಣ ಹಿಡಿಯಲ್ಲೇ 114! ಕಡ್ಲೆಬೀಜದಲ್ಲಿ ಪ್ರೋಟೀನ್ ಇದೆ, ತಿನ್ನಿ. ಆದರೆ ಪರದೆ ಮೇಲಿನ ಸಂಖ್ಯೆಯನ್ನು ನೆಚ್ಚಿಕೊಂಡು ಎರಡು ಹಿಡಿ ತಿಂದರೆ, ‘ದಿನಾ ನಡೆದ್ರೂ ತೂಕ ಇಳೀತಿಲ್ಲ’ ಅಂತ ಬೇಜಾರು ಮಾಡಿಕೊಂಡು ವ್ಯಾಯಾಮವನ್ನೇ ಬಿಡೋ ಹಾಗಾಗುತ್ತೆ.

ಇದನ್ನು ನೆನಪಿಡಿ

* ಏರು ಹೆಚ್ಚಿಸಿದರೆ ವ್ಯತ್ಯಾಸ ದೊಡ್ಡದು. ಅದೇ ವೇಗದಲ್ಲಿ 5 ಶೇಕಡಾ ಏರಿಗೆ 106 ಇದ್ದದ್ದು ಸುಮಾರು 174 ಆಗುತ್ತೆ. ಮಧುಗಿರಿ ಬೆಟ್ಟ ಹತ್ತಿದವರಿಗೆ ಏರಿನ ಮಹಿಮೆ ಹೇಳಬೇಕಾಗಿಲ್ಲ.
* ಹಿಡಿಕೆಗೆ ಭಾರ ಬಿಟ್ಟು ನಡೆದರೆ ನಿಮ್ಮ ಶ್ರಮ ಕಡಿಮೆ ಆಗುತ್ತೆ, ಮಷಿನ್‌ನ ಸಂಖ್ಯೆ ಕಡಿಮೆ ಆಗಲ್ಲ.
* ಓಟಕ್ಕೆ ಈ ಸೂತ್ರ ಹೊಂದಲ್ಲ. ಅಲ್ಲಿ 0.1ರ ಬದಲು 0.2 ಬಳಸಿ.
* ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿ.

ಹಾಗಾದರೆ ಪರದೆ ನೋಡೋದೇ ಬೇಡವಾ? ನೋಡಿ. ಅದೇ ಮಷಿನ್‌ನಲ್ಲಿ ಕಳೆದ ತಿಂಗಳಿಗಿಂತ ಈ ತಿಂಗಳು ಎಷ್ಟು ಮುಂದೆ ಬಂದಿದ್ದೀರಿ ಅಂತ ತಿಳಿಯೋಕೆ ಅದು ಸಾಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮೊದಲು ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳಿ.