ಪಾಚಿ ಶೋಧಕ

ಹವಳಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂನ ನೀರನ್ನು ಪಾಚಿ ಬೆಳೆಸುವ ಮೂಲಕವೇ ಶುದ್ಧವಾಗಿಡುವ ಸಾಧನಕ್ಕೆ ಪಾಚಿ ಶೋಧಕ ಅಥವಾ ಆಲ್ಗೀ ಸ್ಕ್ರಬರ್ ಎನ್ನುತ್ತಾರೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡೀ ಇದಕ್ಕೆ 1982ರಲ್ಲಿ ಪೇಟೆಂಟ್ ಪಡೆದರು.

ಮೀನಿನ ತ್ಯಾಜ್ಯ ಹಾಗೂ ಉಳಿದ ಆಹಾರ ಕೊಳೆತು ಉಂಟಾಗುವ ಅಮೋನಿಯವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಮತ್ತು ಫಾಸ್ಫೇಟ್ ಹೆಚ್ಚಿದರೆ ತೊಟ್ಟಿಯೊಳಗೆ ಪಾಚಿ ಹಬ್ಬಿ ಹವಳಗಳನ್ನು ಮುಚ್ಚಬಲ್ಲದು. ಶೋಧಕವು ಅದೇ ಪಾಚಿಗೆ ತೊಟ್ಟಿಯ ಹೊರಗೆ ಇನ್ನೂ ಅನುಕೂಲಕರವಾದ ನೆಲೆ ಒದಗಿಸುತ್ತದೆ.

ಮನೆಯಲ್ಲಿ ತಯಾರಿಸುವವರು ಸಾಮಾನ್ಯವಾಗಿ ಕಸೂತಿಯ ಪ್ಲಾಸ್ಟಿಕ್ ಜಾಲರಿಯನ್ನು ಉಜ್ಜಿ ಚೆನ್ನಾಗಿ ಒರಟಾಗಿಸುತ್ತಾರೆ. ನುಣುಪಾದ ಮೇಲ್ಮೈಯಲ್ಲಿ ಪಾಚಿ ಸರಿಯಾಗಿ ಹಿಡಿಯುವುದಿಲ್ಲ. ಉದ್ದಕ್ಕೆ ಸೀಳು ಮಾಡಿದ ಪಿವಿಸಿ ಕೊಳವೆಗೆ ಅದನ್ನು ತೂಗುಹಾಕಿ, ಪಂಪಿನಿಂದ ಬರುವ ನೀರು ಎರಡೂ ಬದಿಗಳಲ್ಲಿ ತೆಳುವಾಗಿ ಇಳಿಯುವಂತೆ ಮಾಡಿ, ಪ್ರಬಲ ದೀಪ ಬೆಳಗಿಸುತ್ತಾರೆ.

ಬೆಳೆದ ಪಾಚಿಯನ್ನು ಸುಮಾರು ವಾರಕ್ಕೊಮ್ಮೆ ಕೆರೆದು ತೆಗೆಯಬೇಕು. ಹೀರಲ್ಪಟ್ಟ ಪೋಷಕಾಂಶಗಳು ನೀರಿನಿಂದ ನಿಜವಾಗಿ ಹೊರಹೋಗುವುದು ಆಗಲೇ. ತಡಮಾಡಿದರೆ ಬೆಳಕು ಸಿಗದ ಒಳಪದರ ಸತ್ತು ಕಳಚಿ, ಅವು ಮರಳಿ ನೀರಿಗೆ ಸೇರುತ್ತವೆ. ಜಾಲರಿಯನ್ನು ಸಿಹಿನೀರಿನಲ್ಲಿ ತೊಳೆಯುವುದು ವಾಡಿಕೆ. ಪಾಚಿ ಮೇಯುವ ಸೂಕ್ಷ್ಮ ಕಠಿಣಚರ್ಮಿಗಳು ಇದರಿಂದ ನಾಶವಾಗುತ್ತವೆ. ಶೋಧಕದ ದೀಪವನ್ನು ರಾತ್ರಿ ಉರಿಸಿದರೆ ಪಾಚಿಯು ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ನೀರಿನ ಪಿಎಚ್ ಕುಸಿತವೂ ಕಡಿಮೆಯಾಗುತ್ತದೆ.