ಕೈಮಾದಲ್ಲಿ ಸಿಕ್ಕಿಬಿದ್ದ ಕುದುರೆ

ಕೋಳಿಯ ಕಾಲನ್ನೋ ಕುರಿಯ ತೊಡೆಯನ್ನೋ ನೋಡಿದೊಡನೆ ಗುರುತು ಹಿಡಿಯಬಹುದು. ಅದೇ ಮಾಂಸವನ್ನು ಕೈಮಾ ಮಾಡಿ, ಮಸಾಲೆ ಬೆರೆಸಿ, ವಡೆಯಂತೆ ತಟ್ಟಿ ಪೊಟ್ಟಣಕ್ಕೆ ತುಂಬಿದ ಮೇಲೆ? ಆಗ ಲೇಬಲ್ಲನ್ನೇ ನಂಬಬೇಕು.

ಲೇಬಲ್ಲು ಸುಳ್ಳು ಹೇಳಿದರೆ? 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ದನದ ಮಾಂಸದ್ದೆಂದು ಮಾರುತ್ತಿದ್ದ 27 ಬರ್ಗರ್‌ಗಳ ಪೈಕಿ 10ರಲ್ಲಿ ಕುದುರೆಯ ಡಿಎನ್‌ಎ, 23ರಲ್ಲಿ ಹಂದಿಯ ಡಿಎನ್‌ಎ ಇತ್ತು. ಒಂದರಲ್ಲಂತೂ ದನದ ಮಾಂಸಕ್ಕೆ ಹೋಲಿಸಿದರೆ ಕುದುರೆಯ ಪಾಲು ಶೇ. 29! ಯುರೋಪಿನಾದ್ಯಂತ ಗದ್ದಲವೆದ್ದಿತು.

ಅರೆದು ಮುದ್ದೆಯಾದ ಮಾಂಸದಲ್ಲಿ ಕುದುರೆ ಸಿಕ್ಕಿದ್ದು ಹೇಗೆ? ಪ್ರತಿ ಪ್ರಾಣಿಯ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆಯಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ ಅದು. ಅಕ್ಷರಗಳ ಜೋಡಣೆ ದನದಲ್ಲಿ ಒಂದು ರೀತಿ, ಕುದುರೆಯಲ್ಲಿ ಇನ್ನೊಂದು ರೀತಿ. ಬೇಯಿಸಿದಾಗ ಎಳೆ ತುಂಡಾದರೂ ಸಣ್ಣ ತುಣುಕುಗಳು ಉಳಿದಿರುತ್ತವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ ಒಂದೊಂದು ಕೋಶದಲ್ಲೂ ನೂರಾರು ಪ್ರತಿಗಳಲ್ಲಿರುವುದರಿಂದ ಅದು ಸಿಗುವುದು ಇನ್ನೂ ಸುಲಭ.

ಕುದುರೆಯ ಡಿಎನ್‌ಎಗೆ ಮಾತ್ರ ಅಂಟಿಕೊಳ್ಳುವ ಚಿಕ್ಕ ತುಣುಕುಗಳನ್ನು ಮಾದರಿಗೆ ಸೇರಿಸಿ, ಪಿಸಿಆರ್ ಯಂತ್ರದಲ್ಲಿ ಮತ್ತೆ ಮತ್ತೆ ಕಾಯಿಸಿ ತಣಿಸುತ್ತಾರೆ. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಸುತ್ತವೆ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ನೂರು ಕೋಟಿ ದಾಟುತ್ತದೆ. ಕುದುರೆಯೇ ಇಲ್ಲದಿದ್ದರೆ ಹೆಚ್ಚುವುದಕ್ಕೆ ಏನೂ ಇರುವುದಿಲ್ಲ.

ಇಷ್ಟು ಸೂಕ್ಷ್ಮವಾಗಿರುವುದೇ ಒಂದು ತೊಡಕು. ಹಂದಿ ಮಾಂಸ ಅರೆದ ಯಂತ್ರವನ್ನು ಸರಿಯಾಗಿ ತೊಳೆಯದೆ ದನದ ಮಾಂಸ ಅರೆದರೂ ಹಂದಿಯ ಸುಳಿವು ಸಿಗುತ್ತದೆ. ಆದ್ದರಿಂದ ‘ಇದೆಯೇ?’ ಎಂದಷ್ಟೇ ಅಲ್ಲ, ‘ಎಷ್ಟಿದೆ?’ ಎಂದೂ ಕೇಳಬೇಕು. ಲವಲೇಶ ಸಿಕ್ಕರೆ ಅಜಾಗರೂಕತೆ ಎನ್ನಬಹುದು. ಶೇ. 29ಕ್ಕೆ ಆ ಮಾತು ಒಪ್ಪುವುದಿಲ್ಲ.

ಕುದುರೆ ಮಾಂಸ ವಿಷವೇನಲ್ಲ. ಫ್ರಾನ್ಸಿನಲ್ಲಿ ಅದನ್ನು ತಿನ್ನುವವರಿದ್ದಾರೆ. ಆದರೆ ಕುದುರೆಗೆ ಕೊಡುವ ಫಿನೈಲ್‌ಬ್ಯೂಟಜೋನ್ ಎಂಬ ನೋವಿನ ಔಷಧ ನಮ್ಮ ಊಟದಲ್ಲಿ ಸೇರಬಾರದು. ಇನ್ನು ಹಂದಿಯನ್ನು ಮುಟ್ಟದವರಿಗೆ ಇದು ಧರ್ಮದ ಪ್ರಶ್ನೆ. ಏನು ತಿನ್ನುತ್ತಿದ್ದೇವೆ ಎಂದು ತಿಳಿಯುವ ಹಕ್ಕು ಎಲ್ಲರಿಗೂ ಇದೆ.

ನಮ್ಮಲ್ಲಿ ಇದೇ ವಿದ್ಯೆ ಕಾಡುಪ್ರಾಣಿಗಳ ನೆರವಿಗೂ ಬಂದಿದೆ. ಅರಣ್ಯ ಇಲಾಖೆ ವಶಪಡಿಸಿಕೊಂಡ ಮಾಂಸ ಆಡಿನದೋ ಜಿಂಕೆಯದೋ ಎಂಬುದನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಹೀಗೆಯೇ ಪತ್ತೆ ಮಾಡುತ್ತಾರೆ. ಪಿಯುಸಿ ಜೀವಶಾಸ್ತ್ರದಲ್ಲಿ ಪಿಸಿಆರ್ ಪಾಠ ಓದುವಾಗ ಈ ಕುದುರೆಯ ನೆನಪಿರಲಿ.